ನೀರಿನ ಹಿಂದೆ ನಡೆದು ಕ್ರಾಮ್‌ಫರ್ಡ್ ಗಿರಣಿ ನೋಡಿದೆ

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಕ್ರಾಮ್‌ಫರ್ಡ್ ಹತ್ತಿ ಗಿರಣಿಗೆ ಮೊದಲ ಸಲ ಹೋದಾಗ ಸುಮ್ನೆ ಗೋಡೆ ನೋಡಿಕೊಂಡು ಬಂದೆ. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಶುರು ಮಾಡಿದ್ದು, ನೀರಿನ ಬಲದಿಂದ ನೂಲು ತೆಗೆದದ್ದು, ಇಷ್ಟು ಗೊತ್ತಿತ್ತು. ನೀರು ತಿರುಗಿಸುತ್ತಿದ್ದ ಚಕ್ರ ಎಲ್ಲಿತ್ತು, ಆ ನೀರು ಎಲ್ಲಿಂದ ಬಂತು ಅನ್ನೋದು ಗೊತ್ತಾಗಲಿಲ್ಲ.

ನಾನು ಮಂಡ್ಯದ ಕಡೆಯವನು. ಗದ್ದೆಗೆ ನೀರು ಬರದಿದ್ದರೆ ಗದ್ದೆಯಲ್ಲೇ ನಿಂತು ನೋಡುತ್ತೇವಾ? ನಾಲೆ ಹಿಡಿದು ತೂಬಿನ ತನಕ ನಡೆಯುತ್ತೇವೆ. ಎರಡನೇ ಸಲ ಹಾಗೇ ಮಾಡಿದೆ. 1880ರ ಸುಮಾರಿನ ಸರ್ವೆ ನಕ್ಷೆಯ ಪ್ರತಿ, ಒಂದು ನೀಲಿ ಪೆನ್ಸಿಲ್ ಹಿಡಿದು ಊರಿನ ಮೇಲ್ಗಡೆಯಿಂದ ಹೊರಟೆ.

ನೀರಿನ ಮೂಲ ಎರಡು. ಒಂದು ಬೋನ್ಸಾಲ್ ಹಳ್ಳ. ಇನ್ನೊಂದು 'ಸಫ್'. ಸೀಸದ ಗಣಿಗಳ ನೀರು ಹೊರಗೆ ಹೋಗಲೆಂದು ತೋಡಿದ ಸುರಂಗಕ್ಕೆ ಅಲ್ಲಿನವರು ಹಾಗೆ ಅನ್ನುತ್ತಾರೆ. ಭೂಮಿಯೊಳಗಿನ ನೀರು, ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಆರ್ಕ್‌ರೈಟ್‌ಗೆ ಈ ಜಾಗವೇ ಯಾಕೆ ಬೇಕಾಯಿತು ಎಂದು ನನಗೆ ಅರ್ಥವಾದದ್ದು ಅಲ್ಲಿ ನಿಂತಾಗ.

ಗಿರಣಿಯ ಹತ್ತಿರ ರಸ್ತೆಗೆ ಅಡ್ಡಲಾಗಿ ತಲೆಯ ಮೇಲೆ ಎರಕದ ಕಬ್ಬಿಣದ ಕಾಲುವೆ ಇದೆ, 1821ರದು. ಅದನ್ನು ನೋಡಿದರೆ ಲೆಕ್ಕ ಸಿಗುತ್ತದೆ. ನೀರು ಅಷ್ಟು ಎತ್ತರದಲ್ಲಿ ಬಂದರೆ ಚಕ್ರದ ನೆತ್ತಿಗೇ ಬೀಳಿಸಬಹುದು. ನೀರಿನ ಭಾರವೇ ಚಕ್ರವನ್ನು ಎಳೆಯುತ್ತದೆ.

ನಾನು ಜಾಸ್ತಿ ಹೊತ್ತು ಕೂತದ್ದು ಆರ್ಕ್‌ರೈಟ್ ಅಲ್ಲೇ ಕಟ್ಟಿಸಿದ ಎರಡನೇ ಗಿರಣಿಯ ತಳಪಾಯದ ಹತ್ತಿರ. 1776-77ರಲ್ಲಿ ಕಟ್ಟಿದ್ದು, 1890ರಲ್ಲಿ ಸುಟ್ಟುಹೋಯಿತು. ಉಳಿದಿರುವುದು ಕಲ್ಲಿನ ಸಾಲುಗಳು ಮಾತ್ರ. ಜನ ಅಲ್ಲಿ ನಿಲ್ಲುವುದೇ ಇಲ್ಲ. ನನಗೆ ಮಾತ್ರ ಪೂರ್ತಿ ಕಟ್ಟಡಕ್ಕಿಂತ ಇದೇ ಹೆಚ್ಚು ಕಲಿಸಿತು. ಮೇಲಿನದೆಲ್ಲ ಹೋಗಿರುವುದರಿಂದ ಚಕ್ರದ ಗುಂಡಿ ಕಣ್ಣಿಗೇ ಕಾಣುತ್ತದೆ. ನಕ್ಷೆಯಲ್ಲಿ ನೀರಿನ ದಾರಿಗೆ ಎಳೆಯುತ್ತಿದ್ದ ನೀಲಿ ಗೆರೆಯನ್ನು ಅಲ್ಲಿಯ ತನಕ ತಂದೆ.

ಆಮೇಲೆ ಆ ನೀರು ಏನಾಯಿತು ಎಂದು ಹುಡುಕಿದೆ. ಗಣಿಯವರು ಇನ್ನೂ ಆಳದಲ್ಲಿ ಮೀರ್‌ಬ್ರುಕ್ ಎಂಬ ಮತ್ತೊಂದು ಸುರಂಗ ತೋಡಿದರು. ಸಫ್‌ನ ನೀರು ಅತ್ತ ಇಳಿಯತೊಡಗಿತು. ಆರ್ಕ್‌ರೈಟ್ ಮನೆತನದವರು ಕೋರ್ಟಿಗೆ ಹೋದರು, 1839ರಲ್ಲಿ ಸೋತರು. ಮೀರ್‌ಬ್ರುಕ್‌ನ ಬಾಯಿ ಡರ್ವೆಂಟ್ ನದಿಯ ಪಕ್ಕ, ಗಿರಣಿಗಿಂತ ಕೆಳಗಿದೆ. ಈಗಲೂ ನೀರು ಬರುತ್ತಿದೆ. ನನ್ನ ನಕ್ಷೆಯಲ್ಲಿ ಅದನ್ನು ಬೇರೆ ಬಣ್ಣದಲ್ಲಿ ಎಳೆದಿದ್ದೇನೆ.