ರೈಲ್ವೆ ಎಂಜಿನಿಯರ್ ಆಗಬೇಕೆ? ಕಾಲೇಜಿಗಿಂತ ಮೊದಲು ಕಣ್ಣು ನೋಡಿಸಿಕೊಳ್ಳಿ

ಪಿಯುಸಿ ಮುಗಿಯುತ್ತಿದ್ದಂತೆ ‘ರೈಲ್ವೆ ಎಂಜಿನಿಯರಿಂಗ್ ಎಲ್ಲಿ ಕಲಿಸುತ್ತಾರೆ?’ ಎಂದು ಹುಡುಕಾಟ ಶುರುವಾಗುತ್ತದೆ. ನಿಜ ಹೇಳಬೇಕೆಂದರೆ, ರೈಲ್ವೆಯಲ್ಲಿರುವ ಬಹುಪಾಲು ಎಂಜಿನಿಯರುಗಳ ಪದವಿ ಪತ್ರದಲ್ಲಿ ರೈಲಿನ ಹೆಸರೇ ಇಲ್ಲ.

1. ಕೆಲಸ ನೋಡಿ ಶಾಖೆ ಆರಿಸಿ. ಬೋಗಿ, ಗಾಲಿ, ವರ್ಕ್‌ಶಾಪ್ ಮೆಕ್ಯಾನಿಕಲ್‌ನವರ ಪಾಲು. ಹಳಿಯ ಮೇಲೆ ಹಾದು ರೈಲಿಗೆ ವಿದ್ಯುತ್ ಕೊಡುವ 25 ಕಿಲೋವೋಲ್ಟ್ ತಂತಿ ಎಲೆಕ್ಟ್ರಿಕಲ್‌ನವರದು. ಸಿಗ್ನಲ್ ಮತ್ತು ಡಿಕ್ಕಿ ತಪ್ಪಿಸುವ ‘ಕವಚ್’ ಎಲೆಕ್ಟ್ರಾನಿಕ್ಸ್‌ನವರದು. ಹಳಿ, ಸೇತುವೆ, ಸುರಂಗ ಸಿವಿಲ್‌ನವರ ಹೆಗಲಿಗೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಳಿ 50 ಮೀಟರಿಗೆ ಒಂದು ಮೀಟರ್ ಏರುತ್ತದೆ, ಸುರಂಗಗಳೇ 57. ಮಳೆಗಾಲದಲ್ಲಿ ಗುಡ್ಡ ಜರಿದರೆ ನಡುರಾತ್ರಿಯಲ್ಲೂ ಓಡಬೇಕು. ಬರೀ ಆಫೀಸಿನ ಕುರ್ಚಿ ಬೇಕೆನ್ನುವವರು ಸಿವಿಲ್‌ಗೆ ಸೇರುವ ಮುನ್ನ ಯೋಚಿಸಿ.

2. ಕಣ್ಣಿನ ಪರೀಕ್ಷೆ ಮಾಡಿಸಿ. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ರೈಲು ಓಡಾಟದ ಸುರಕ್ಷತೆಗೆ ಸಂಬಂಧಿಸಿದ ಹುದ್ದೆಗಳಿಗೆ ದೃಷ್ಟಿಯ ನಿಯಮ ಬಿಗಿ. ಕೆಂಪು–ಹಸಿರು ಗುರುತಿಸಲಾಗದಿದ್ದರೆ ಬರೆದು ಪಾಸಾದರೂ ವೈದ್ಯಕೀಯ ಹಂತದಲ್ಲಿ ಮುಗ್ಗರಿಸುತ್ತೀರಿ. ನಾಲ್ಕು ವರ್ಷ ಓದಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ತಿಳಿಯಲಿ.

3. ಕಾಲೇಜು. ಊರಿಗೆ ಹತ್ತಿರದ ಒಳ್ಳೆಯ ಎಂಜಿನಿಯರಿಂಗ್ ಕಾಲೇಜು ಸಾಕು. ರೈಲಿನ ವಿಷಯಗಳನ್ನೇ ಬೆಸೆದು ಕಲಿಯಬೇಕೆಂದರೆ ವಡೋದರದ ಗತಿ ಶಕ್ತಿ ವಿಶ್ವವಿದ್ಯಾಲಯವಿದೆ. 2018ರಲ್ಲಿ ಶುರುವಾದ ರೈಲ್ವೆಯದೇ ಸಂಸ್ಥೆ 2022ರಲ್ಲಿ ಈ ಹೆಸರಿನ ಕೇಂದ್ರೀಯ ವಿವಿಯಾಯಿತು. ಬಿ.ಟೆಕ್ ಪ್ರವೇಶ ಜೆಇಇ ಮೇನ್ ಮೂಲಕ. ಅಲ್ಲಿ ಓದಿದರೆ ರೈಲ್ವೆ ನೌಕರಿ ಖಾತ್ರಿ ಎಂದು ಮಾತ್ರ ಭಾವಿಸಬೇಡಿ.

4. ಪರೀಕ್ಷೆ. ಜೂನಿಯರ್ ಎಂಜಿನಿಯರ್ ಹುದ್ದೆಗೆ ಸಂಬಂಧಪಟ್ಟ ಶಾಖೆಯ ಡಿಪ್ಲೊಮಾ ಇದ್ದರೂ ಸಾಕು; ಮೂಲ ವೇತನ 35,400 ರೂಪಾಯಿ. ರೈಲ್ವೆ ನೇಮಕಾತಿ ಮಂಡಳಿ ಎರಡು ಸುತ್ತು ಕಂಪ್ಯೂಟರ್ ಪರೀಕ್ಷೆ ನಡೆಸುತ್ತದೆ. ಎರಡನೆಯದರಲ್ಲಿ 150ಕ್ಕೆ 100 ಅಂಕ ನಿಮ್ಮ ಶಾಖೆಯದೇ, ಹಾಗಾಗಿ ಸಾಮಾನ್ಯ ಜ್ಞಾನದ ಗೈಡ್ ನೆಚ್ಚಿ ಕೂರುವಂತಿಲ್ಲ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ. ಪ್ರಶ್ನೆಗಳು ಕನ್ನಡದಲ್ಲೂ ಸಿಗುತ್ತವೆ.

5. ರೈಲ್ವೆಯ ಹೊರಗೂ ನೋಡಿ. ಮೆಟ್ರೊ ನಿಗಮಗಳಿವೆ, ಬೆಂಗಳೂರಿನಲ್ಲಿ ಬೋಗಿ ಕಟ್ಟುವ ಬೆಮೆಲ್ ಇದೆ. ಆದರೆ ಮೆಟ್ರೊ ಲೋಕವೇ ಬೇರೆ: ರೈಲ್ವೆ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ. ಇದ್ದರೆ ಬೆಂಗಳೂರಿನ ‘ನಮ್ಮ ಮೆಟ್ರೊ’ದಲ್ಲಿ 1435. ಅದಕ್ಕೆ ಮೇಲಿನ ತಂತಿಯಿಲ್ಲ, ಹಳಿ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ವಿದ್ಯುತ್. ಮುಂದಿನ ಸಲ ಮೆಟ್ರೊ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಮೊಬೈಲ್ ಜೇಬಿಗಿಟ್ಟು ಆ ಮೂರನೇ ಹಳಿಯನ್ನೊಮ್ಮೆ ನೋಡಿ.