ಲೋಟಸ್ ಎಲಾನ್: ಹೆಡ್‌ಲೈಟ್ ಕುಸಿದರೆ ಚಾಸಿ ನೋಡಿ

1962ರಲ್ಲಿ ಬಂದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಲಾನ್‌ನ ಬಾಡಿ ಫೈಬರ್‌ನದು, ಹಾಗಾಗಿ ತುಕ್ಕಿನ ಭಯವಿಲ್ಲ ಅಂದುಕೊಳ್ಳುವವರೇ ಜಾಸ್ತಿ. ಒಳಗಿನ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು, ಮಾತ್ರ ತೆಳು ಉಕ್ಕಿನ ತಗಡು. ಅದರ ಮುಂದಿನ ಅಡ್ಡ ತೊಲೆ, ಅಂದರೆ ಕ್ರಾಸ್‌ಮೆಂಬರ್ರೇ, ಮಡಚಿಕೊಳ್ಳುವ ಹೆಡ್‌ಲೈಟನ್ನು ಎತ್ತುವ ವ್ಯಾಕ್ಯೂಮ್ (ನಿರ್ವಾತ) ಟ್ಯಾಂಕ್ ಕೂಡ. ರಿಪೇರಿಗೆ ಬಂದ ಹಳೆಯ ಮಾದರಿಯ ಒಂದು ಎಲಾನ್‌ನಲ್ಲಿ ಲೈಟ್ ತಾನಾಗಿ ಕುಸಿಯುತ್ತಿತ್ತು. ಪೈಪುಗಳೆಲ್ಲ ಸರಿಯಿದ್ದವು, ಕ್ರಾಸ್‌ಮೆಂಬರ್ ತುಕ್ಕು ಹಿಡಿದು ತೂತಾಗಿತ್ತು.

ಕಾರಣ, ಮುಂದಿನ ಸಸ್ಪೆನ್ಷನ್ ಕಂಬಗಳ ಬುಡದಲ್ಲಿ ನೀರು ಇಳಿಯುವ ತೂತುಗಳು ಕೆಸರು ಕಟ್ಟಿಕೊಂಡಿದ್ದವು. ತಂತಿಯಿಂದ ಕೆದಕಿ, ತೊಳೆದು, ಪೂರ್ತಿ ಒಣಗಿಸಬೇಕು. ಬಾಡಿ ಎತ್ತದೆ ವೆಲ್ಡಿಂಗ್ ಬೇಡವೇ ಬೇಡ, ಫೈಬರ್ ಹೊತ್ತಿಕೊಳ್ಳುತ್ತದೆ. ತೇಪೆ ಹಾಕಿದ ಮೇಲೆ ವ್ಯಾಕ್ಯೂಮ್‌ಗೆ ಬೇರೆಯೇ ಪುಟ್ಟ ಟ್ಯಾಂಕ್ ಕೂರಿಸಿದ್ದಾಯಿತು. ಎಲ್ಲ ಒರಿಜಿನಲ್ಲೇ ಇರಬೇಕೆನ್ನುವ ಶುದ್ಧವಾದಿಗಳು ಮೂಗು ಮುರಿಯಲಿ, ಆದರೆ ಈಗ ಕ್ರಾಸ್‌ಮೆಂಬರ್ ಒಳಗೂ ಧೈರ್ಯವಾಗಿ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಭಾಗಗಳ ಒಳಗೆ ತುಕ್ಕು ತಡೆಯುವ ಮೇಣ) ಹೊಡೆಯಬಹುದು. ಸುತ್ತಲೂ ಚಿಮ್ಮುವ ನಾಝಲ್ ಬಳಸಿ, ಬಿಸಿಲಿರುವ ದಿನ, ಎರಡು ಕೋಟ್. ವ್ಯಾಕ್ಸ್ ಗಟ್ಟಿಯಾಗುವ ಮುನ್ನ ಆ ತೂತುಗಳಿಗೆ ಮತ್ತೊಮ್ಮೆ ತಂತಿ ಹಾಕಿ.