ಕಾಕರ್ ಸ್ಪ್ಯಾನಿಯೆಲ್ ಸಾಕುವುದು ಹೇಗೆ? ಆರೈಕೆ ಶುರುವಾಗುವುದು ಕಿವಿಯಿಂದ

ಕಾಕರ್ ಸ್ಪ್ಯಾನಿಯೆಲ್ ಮರಿಯನ್ನು ನೋಡಲು ಹೋದವರು ಸಾಮಾನ್ಯವಾಗಿ ಮಾರುಹೋಗುವುದು ಅದರ ಕಿವಿಗಳಿಗೆ. ರೇಷ್ಮೆಯಂತಹ ಕೂದಲು ಹೊದ್ದು, ಕೆನ್ನೆಯ ಪಕ್ಕದಲ್ಲಿ ಜೋತುಬಿದ್ದು, ಉಣ್ಣುವಾಗ ತಟ್ಟೆಯೊಳಕ್ಕೂ ಇಳಿಯುವ ಆ ಕಿವಿಗಳೇ ಮುಂದಿನ ಹನ್ನೆರಡು ಹದಿಮೂರು ವರ್ಷ ಸಾಕಿದವರ ಸಮಯವನ್ನೂ ಹಣವನ್ನೂ ಎಲ್ಲಕ್ಕಿಂತ ಹೆಚ್ಚಾಗಿ ಬೇಡುತ್ತವೆ ಎಂಬುದು ತಿಳಿಯುವುದು ಮೊದಲ ಮಳೆಗಾಲ ಕಳೆದ ಮೇಲೆ. ಈ ನಾಯಿಯಲ್ಲಿ ಇಂದು ಅಂದವಾಗಿ ಕಾಣುವ ಎಷ್ಟೋ ಸಂಗತಿಗಳ ಹಿಂದೆ ಒಂದು ಕೆಲಸವಿತ್ತು. ಆ ಕೆಲಸ ಯಾವುದೆಂದು ಅರಿತರೆ ಆರೈಕೆಯ ಅರ್ಧ ಪಾಠ ಮುಗಿದಂತೆ.

ಪೊದೆಯೊಳಗೆ ನುಗ್ಗುವ ಕೆಲಸ

ಸ್ಪ್ಯಾನಿಯೆಲ್ ಎಂಬ ಹೆಸರು ಸ್ಪೇನ್ ದೇಶದ ಹೆಸರಿನಿಂದ, ಹಳೆಯ ಫ್ರೆಂಚ್ ಭಾಷೆಯ ಮೂಲಕ ಬಂದದ್ದು ಎನ್ನುತ್ತಾರೆ. ಆದರೆ ಇಂದಿನ ಕಾಕರ್ ರೂಪುಗೊಂಡದ್ದು ಇಂಗ್ಲೆಂಡಿನಲ್ಲಿ. 1570ರಲ್ಲಿ ಅಲ್ಲಿನ ವೈದ್ಯ ಜಾನ್ ಕೀಸ್ ತನ್ನ ನಾಡಿನ ನಾಯಿಗಳ ಕುರಿತು ಲ್ಯಾಟಿನ್‌ನಲ್ಲಿ ಬರೆಯುವ ಹೊತ್ತಿಗಾಗಲೇ, ನೆಲದ ಮೇಲಿನ ಹಕ್ಕಿಗಳ ಬೇಟೆಗೆ ಒಂದು ಬಗೆಯ, ನೀರುಹಕ್ಕಿಗಳ ಬೇಟೆಗೆ ಇನ್ನೊಂದು ಬಗೆಯ ಸ್ಪ್ಯಾನಿಯೆಲ್‌ಗಳು ಬಳಕೆಯಲ್ಲಿದ್ದವು. ಒಣಗಿದ ಎಲೆಗಳ ನಡುವೆ ಕೂತರೆ ಕಣ್ಣಿಗೇ ಬೀಳದ ವುಡ್‌ಕಾಕ್ ಎಂಬ ಹಕ್ಕಿಯನ್ನು ಪೊದೆಗಳಿಂದ ಎಬ್ಬಿಸುತ್ತಿದ್ದ ಚಿಕ್ಕ ಗಾತ್ರದ ನಾಯಿಗಳಿಗೆ ಕಾಕರ್ ಎಂಬ ಹೆಸರು ಬಂತು. ಮುಳ್ಳುಪೊದೆಯ ಅಡಿಯಲ್ಲಿ ನುಸುಳಿ, ವಾಸನೆ ಹಿಡಿದು ಹಕ್ಕಿಯನ್ನು ಹಾರಿಸುವುದು, ಬೇಟೆಗಾರ ಹೊಡೆದು ಕೆಡವಿದ ಮೇಲೆ ಹಲ್ಲು ನಾಟದಂತೆ ಕಚ್ಚಿ ತಂದೊಪ್ಪಿಸುವುದು ಅದರ ಕಸುಬು. ನಮ್ಮ ಮುಧೋಳ ನಾಯಿ ಬಯಲಿನಲ್ಲಿ ಕಣ್ಣಳತೆಯ ಮೇಲೆ ಓಡಿ ಹಿಡಿಯುವ ಬೇಟೆನಾಯಿಯಾದರೆ, ಇದು ನೆಲಕ್ಕೆ ಮೂಗು ತಾಗಿಸಿಕೊಂಡು ಹುಡುಕುವ ನಾಯಿ. ಎರಡನ್ನೂ ಬೇಟೆನಾಯಿ ಎಂದು ಒಂದೇ ಸಾಲಿಗೆ ಸೇರಿಸುವುದು ಸರಿಯಲ್ಲ.

ನಾಯಿ ತಳಿಗಳನ್ನು ನೋಂದಾಯಿಸುವ ಸಂಸ್ಥೆಯಾದ ಕೆನಲ್ ಕ್ಲಬ್ ಬ್ರಿಟನ್ನಿನಲ್ಲಿ ಸ್ಥಾಪನೆಯಾದದ್ದು 1873ರಲ್ಲಿ. ಆಮೇಲೂ ಕೆಲವು ಕಾಲ ಕಾಕರ್ ಎಂಬುದು ಒಂದು ತಳಿಯಾಗಿರದೆ ತೂಕದ ವಿಭಾಗವಾಗಿತ್ತು. 25 ಪೌಂಡಿಗಿಂತ, ಅಂದರೆ ಸುಮಾರು 11.3 ಕಿಲೋಗಿಂತ ಕಡಿಮೆ ತೂಗಿದರೆ ಕಾಕರ್, ಹೆಚ್ಚಾದರೆ ಫೀಲ್ಡ್ ಸ್ಪ್ಯಾನಿಯೆಲ್. ಒಂದೇ ನಾಯಿ ಚಿಕ್ಕಂದಿನಲ್ಲಿ ಕಾಕರ್ ಆಗಿದ್ದು, ಮೈ ತುಂಬಿಕೊಂಡ ಮೇಲೆ ಬೇರೆ ತಳಿಯಾಗಿಬಿಡಬಹುದಾದ ವಿಚಿತ್ರ ವ್ಯವಸ್ಥೆ ಅದು. 1879ರಲ್ಲಿ ಹುಟ್ಟಿದ ಓಬೋ ಎಂಬ ಕಪ್ಪು ಗಂಡು ನಾಯಿಯನ್ನು ಆಧುನಿಕ ಕಾಕರ್‌ಗಳ ಮೂಲಪುರುಷ ಎಂದು ಪರಿಗಣಿಸುತ್ತಾರೆ. 1890ರ ದಶಕದ ಆರಂಭದಲ್ಲಿ ಕಾಕರ್‌ಗೆ ಪ್ರತ್ಯೇಕ ತಳಿಯ ಮನ್ನಣೆ ಸಿಕ್ಕಿತು. 1901ರಲ್ಲಿ ತೂಕದ ಮಿತಿಯನ್ನೇ ಕೈಬಿಡಲಾಯಿತು. ಅನಂತರ ಪ್ರದರ್ಶನದ ಅಂಗಳದಲ್ಲಿ ಇದರದೇ ಕಾರುಬಾರು. ಎಚ್. ಎಸ್. ಲಾಯ್ಡ್ ಅವರು ಸಾಕಿದ ಕಾಕರ್‌ಗಳು 1930ರಿಂದ 1950ರೊಳಗೆ ಬ್ರಿಟನ್ನಿನ ಹೆಸರಾಂತ ನಾಯಿ ಪ್ರದರ್ಶನವಾದ ಕ್ರಫ್ಟ್ಸ್‌ನ ಪರಮೋಚ್ಚ ಪ್ರಶಸ್ತಿಯನ್ನು ಆರು ಬಾರಿ ಗೆದ್ದವು.

ಆ ಮೂಗಿನ ಕೆಲಸ ಇಂದಿಗೂ ನಿಂತಿಲ್ಲ. 2021ರ ಫೆಬ್ರವರಿಯಲ್ಲಿ ಭಾರತೀಯ ಸೇನೆ ಕೋವಿಡ್ ಸೋಂಕನ್ನು ವಾಸನೆಯಿಂದ ಗುರುತಿಸಲು ತರಬೇತಿ ಪಡೆದ ನಾಯಿಗಳನ್ನು ದೆಹಲಿಯಲ್ಲಿ ಪ್ರದರ್ಶಿಸಿದಾಗ, ತಮಿಳುನಾಡಿನ ಚಿಪ್ಪಿಪಾರೈ ತಳಿಯ ಜಯಾ ಮತ್ತು ಮಣಿಯ ಜೊತೆಗೆ ಕ್ಯಾಸ್ಪರ್ ಎಂಬ ಕಾಕರ್ ಸ್ಪ್ಯಾನಿಯೆಲ್ ಕೂಡ ಇತ್ತು.

ಮರಿ ಆರಿಸುವ ಮುನ್ನ

ಮೊದಲು ಯಾವ ಕಾಕರ್ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅಮೆರಿಕಕ್ಕೆ ಹೋದ ಕಾಕರ್‌ಗಳು ಅಲ್ಲಿ ಗಾತ್ರದಲ್ಲಿ ಕುಗ್ಗಿ, ತಲೆ ಗುಂಡಗಾಗಿ, ಮೂತಿ ಗಿಡ್ಡವಾಗಿ, ಕೂದಲು ದಟ್ಟವಾಗಿ ಬೇರೆಯದೇ ರೂಪ ತಾಳಿದವು. 1946ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಎರಡನ್ನೂ ಬೇರೆ ಬೇರೆ ತಳಿಗಳೆಂದು ಮಾನ್ಯ ಮಾಡಿತು. ಇಂಗ್ಲಿಷ್ ಕಾಕರ್‌ನ ಮೂತಿ ಉದ್ದ, ನೆತ್ತಿ ಅಷ್ಟೇನೂ ಉಬ್ಬಿರುವುದಿಲ್ಲ; ಭುಜದ ಎತ್ತರ 38ರಿಂದ 41 ಸೆಂಟಿಮೀಟರ್, ತೂಕ 12.5ರಿಂದ 14.5 ಕಿಲೋ. ಮಾರುವವರು ‘ಕಾಕರ್’ ಎಂದಷ್ಟೇ ಹೇಳಿದರೆ ಯಾವುದೆಂದು ಕೇಳಿ, ತಾಯಿ ನಾಯಿಯನ್ನು ಕಣ್ಣಾರೆ ನೋಡಿ. ತಾಯಿಯನ್ನು ತೋರಿಸಲು ಹಿಂಜರಿಯುವವರಿಂದ ಮರಿ ಕೊಳ್ಳದಿರುವುದೇ ಲೇಸು.

ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುವ ಎರಡು ಕಾಯಿಲೆಗಳ ಬಗ್ಗೆ ತಪ್ಪದೆ ವಿಚಾರಿಸಬೇಕು. ಒಂದು, ಅಕ್ಷಿಪಟಲ ಕ್ರಮೇಣ ಸವೆದು ಇರುಳುಗುರುಡಿನಿಂದ ಶುರುವಾಗಿ ಪೂರ್ಣ ಕುರುಡಿನಲ್ಲಿ ಮುಗಿಯುವ ಪಿಆರ್‌ಎ. ಇನ್ನೊಂದು, ಆರು ತಿಂಗಳಿಂದ ಎರಡು ವರ್ಷದೊಳಗೇ ಮೂತ್ರಪಿಂಡಗಳನ್ನು ಕೆಡಿಸುವ ನೆಫ್ರೊಪತಿ. ಎರಡಕ್ಕೂ ತಂದೆ ತಾಯಿ ನಾಯಿಗಳ ಡಿಎನ್‌ಎ ಪರೀಕ್ಷೆ ಮಾಡಿಸಲು ಸಾಧ್ಯವಿದೆ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸಬಾರದು, ಏಕೆಂದರೆ ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋಯುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದ ಮರಿಗಳ ಜೊತೆಗಿನ ಆ ಜಗಳಗಳಲ್ಲೇ.

ಲಸಿಕೆಯ ವೇಳಾಪಟ್ಟಿ ಎಲ್ಲ ತಳಿಗಳಿಗೂ ಒಂದೇ: ಆರರಿಂದ ಎಂಟು ವಾರಕ್ಕೆ ಮೊದಲ ಚುಚ್ಚುಮದ್ದು, ಅಲ್ಲಿಂದ ಹದಿನಾರು ವಾರದವರೆಗೆ ಮೂರು ನಾಲ್ಕು ವಾರಗಳಿಗೊಮ್ಮೆ, ಮೂರು ತಿಂಗಳಾದ ಮೇಲೆ ರೇಬಿಸ್ ಲಸಿಕೆ.

ಕಿವಿ ಶುಚಿ ಮಾಡುವ ಕ್ರಮ

ನಾಯಿಯ ಕಿವಿಯ ನಾಳ ನಮ್ಮದರಂತೆ ನೇರವಾಗಿರುವುದಿಲ್ಲ. ಮೊದಲು ಕೆಳಕ್ಕಿಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ನೀರು, ಗುಗ್ಗೆ, ಧೂಳು ನಿಲ್ಲುತ್ತವೆ. ಮೇಲೆ ಕಂಬಳಿಯಂತೆ ಮುಚ್ಚಿದ ಕಿವಿ ಗಾಳಿಯನ್ನು ತಡೆಯುತ್ತದೆ. ಬೆಚ್ಚಗೆ, ತೇವವಾಗಿ, ಕತ್ತಲಾಗಿ ಇರುವ ಆ ಜಾಗ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗೆ ಹೇಳಿ ಮಾಡಿಸಿದಂತಹದು. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ತೊಂದರೆ ಬರುವ ಸಂಭವ ಇನ್ನೂ ಹೆಚ್ಚು.

ಹಾಗಾಗಿ ವಾರಕ್ಕೊಮ್ಮೆ ಕಿವಿ ಎತ್ತಿ ನೋಡುವ, ಅದಕ್ಕಿಂತ ಮುಖ್ಯವಾಗಿ ಮೂಸುವ ಅಭ್ಯಾಸ ಇಟ್ಟುಕೊಳ್ಳಬೇಕು. ಆರೋಗ್ಯವಂತ ಕಿವಿಯ ಒಳಭಾಗ ತಿಳಿ ಗುಲಾಬಿ ಬಣ್ಣದ್ದಾಗಿದ್ದು, ಹೇಳಿಕೊಳ್ಳುವಂತಹ ವಾಸನೆ ಇರುವುದಿಲ್ಲ. ಯೀಸ್ಟ್ ಸೇರಿದ ಕಿವಿಯಿಂದ ಎರಡು ದಿನ ಹೊರಗೇ ಉಳಿದ ದೋಸೆಹಿಟ್ಟಿನಂತಹ ಹುಳಿ ವಾಸನೆ ಬರುತ್ತದೆ, ಕಂದು ಬಣ್ಣದ ಜಿಡ್ಡು ಕಾಣುತ್ತದೆ. ಆಗ ಮನೆಯಲ್ಲಿ ಪ್ರಯೋಗ ಮಾಡದೆ ಪಶುವೈದ್ಯರಲ್ಲಿಗೆ ಹೋಗಿ. ತಲೆಯನ್ನು ಒಂದೇ ಬದಿಗೆ ವಾಲಿಸಿಕೊಂಡಿದ್ದರೆ ಅಥವಾ ಮುಟ್ಟಿದ ಕೂಡಲೇ ಕುಂಯ್‌ಗುಟ್ಟಿದರೆ ಕಿವಿಗೆ ಏನನ್ನೂ ಹಾಕಬೇಡಿ. ಕಿವಿತಮಟೆಗೆ ಪೆಟ್ಟಾಗಿದ್ದರೆ ಹಾಕಿದ ದ್ರವವೇ ಕೇಡು ಮಾಡಬಹುದು.

ಆರೋಗ್ಯವಾಗಿರುವ ಕಿವಿಯನ್ನು ಶುಚಿ ಮಾಡಲು ವೈದ್ಯರು ಸೂಚಿಸಿದ ಕಿವಿ ತೊಳೆಯುವ ದ್ರಾವಣ ಮತ್ತು ಹತ್ತಿ ಸಾಕು. ಬಾಟಲಿಯನ್ನು ಮೊದಲು ಐದು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿಕೊಳ್ಳಿ, ತಣ್ಣಗಿನ ದ್ರವ ಒಮ್ಮೆ ಕಿವಿಗಿಳಿದರೆ ನಾಯಿ ಮುಂದಿನ ವಾರ ಬಾಟಲಿ ಕಂಡೊಡನೆ ಮಂಚದಡಿ ಸೇರುತ್ತದೆ. ನೆಲದ ಮೇಲೆ ಕೂತು, ನಾಯಿಯ ಬೆನ್ನು ನಿಮ್ಮ ಕಡೆಗಿರುವಂತೆ ಮೊಣಕಾಲುಗಳ ನಡುವೆ ಕೂರಿಸಿಕೊಳ್ಳಿ. ಕಿವಿಯನ್ನು ಮೇಲಕ್ಕೆತ್ತಿ, ಬಾಟಲಿಯ ತುದಿ ಚರ್ಮಕ್ಕೆ ತಾಗದಂತೆ ನಾಳ ತುಂಬುವಷ್ಟು ದ್ರಾವಣ ಬಿಡಿ. ಅನಂತರ ಕಿವಿಯ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅರ್ಧ ನಿಮಿಷ ಮೃದುವಾಗಿ ನೀವಬೇಕು. ಒಳಗಿನಿಂದ ಚಪ್ ಚಪ್ ಎಂಬ ಸದ್ದು ಕೇಳಿಸಿದರೆ ದ್ರಾವಣ ತಿರುವಿನವರೆಗೆ ಇಳಿದಿದೆ ಎಂದು ಅರ್ಥ. ಈಗ ಹಿಡಿತ ಸಡಿಲಿಸಿ, ನಾಯಿ ತಲೆ ಕೊಡವಲಿ. ಈ ಕೆಲಸಕ್ಕೆ ಹಜಾರಕ್ಕಿಂತ ಹಿತ್ತಿಲು ಉತ್ತಮ ಎಂಬುದನ್ನು ನಾನು ಕಲಿತದ್ದು ಗೋಡೆಯ ಸುಣ್ಣ ಹಾಳಾದ ಮೇಲೆ. ಕೊಡವಿದಾಗ ಮೇಲೆ ಬಂದ ಕೊಳೆಯನ್ನು ಬೆರಳಿಗೆ ಸುತ್ತಿದ ಹತ್ತಿಯಿಂದ, ಬೆರಳು ಹೋಗುವಷ್ಟು ಆಳಕ್ಕೆ ಮಾತ್ರ ಒರೆಸಿ. ಕಡ್ಡಿಗೆ ಹತ್ತಿ ಸುತ್ತಿದ ಬಡ್ಸ್ ಕೊಳೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಕೊಬ್ಬರಿ ಎಣ್ಣೆಯಾಗಲಿ ಅರಿಶಿನವಾಗಲಿ ಖಂಡಿತ ಬೇಡ.

ನಾಳದ ಬಾಯಿಯ ಸುತ್ತ ಮತ್ತು ಕಿವಿಯ ಒಳಮಗ್ಗುಲಲ್ಲಿ ಬೆಳೆದ ಕೂದಲನ್ನು ತಿಂಗಳಿಗೊಮ್ಮೆ ಕತ್ತರಿಸಿದರೆ ಗಾಳಿ ಆಡುತ್ತದೆ. ಊಟಕ್ಕೆ ಬಾಯಿ ಕಿರಿದಾಗಿ ತಳ ಅಗಲವಾಗಿರುವ ಪಾತ್ರೆ ಇಟ್ಟರೆ ಮೂತಿ ಒಳಗೆ, ಕಿವಿ ಹೊರಗೆ ಉಳಿಯುತ್ತವೆ. ಇಲ್ಲವಾದರೆ ಹಳೆಯ ಕಾಲುಚೀಲದ ತುದಿಯನ್ನು ಕತ್ತರಿಸಿ, ಉಣ್ಣುವಷ್ಟು ಹೊತ್ತು ತಲೆಗೆ ತೊಡಿಸಿ ಕಿವಿಗಳನ್ನು ಹಿಂದಕ್ಕೆ ಕಟ್ಟಬಹುದು.

ಕೂದಲು, ಉಣುಗು, ಹುಲ್ಲಿನ ಮುಳ್ಳು

ಎದೆ, ಹೊಟ್ಟೆ, ಕಾಲುಗಳ ಹಿಂಬದಿಯಲ್ಲಿ ಜಾಲರಿಯಂತೆ ಇಳಿಬೀಳುವ ಉದ್ದ ಕೂದಲನ್ನು ವಾರಕ್ಕೆ ಮೂರು ನಾಲ್ಕು ಬಾರಿಯಾದರೂ ಬಾಚಬೇಕು. ಸಿಕ್ಕು ಕಟ್ಟುವುದು ಕಣ್ಣಿಗೆ ಕಾಣುವ ಬೆನ್ನಿನ ಮೇಲಲ್ಲ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ. ಬ್ರಷ್ ಮಾಡಿದ ಮೇಲೆ ಸ್ಟೀಲ್ ಬಾಚಣಿಗೆಯನ್ನು ಚರ್ಮದ ಬುಡದಿಂದ ಎಳೆದು ನೋಡಿ, ಎಲ್ಲೂ ತಡೆಯದೆ ಬಂದರೆ ಸರಿ. ಮೂರು ನಾಲ್ಕು ವಾರಕ್ಕೊಮ್ಮೆ ನಾಯಿಗಳ ಶಾಂಪೂವಿನಿಂದ ಸ್ನಾನ ಸಾಕು. ಆದರೆ ಸಿಕ್ಕು ಬಿಡಿಸುವುದು ಸ್ನಾನಕ್ಕೆ ಮೊದಲೇ ಆಗಬೇಕು, ನೀರು ಬಿದ್ದ ಗಂಟು ಮತ್ತೆ ಬಿಚ್ಚುವುದು ಕಷ್ಟ.

ಬೇಸಿಗೆ ಬಂತೆಂದು ಮೆಷಿನ್ ಹಿಡಿದು ಬೆನ್ನು ಬೋಳಿಸುವ ಪದ್ಧತಿಗೆ ನಾನು ವಿರುದ್ಧ. ನಮ್ಮ ನಾಯಿಯನ್ನು ಒಮ್ಮೆ ಅಂಗಡಿಯೊಂದರಲ್ಲಿ ಬಿಟ್ಟು ಬಂದಾಗ, ತುದಿ ಕತ್ತರಿಸಿ ಎಂದದ್ದನ್ನು ಅವರು ಪೂರ್ತಿ ಬೋಳಿಸುವುದು ಎಂದು ತಿಳಿದರು. ಮರಳಿ ಬೆಳೆದ ಕೂದಲು ಹೊಳಪು ಕಳೆದುಕೊಂಡು ಕುರಿಯ ಉಣ್ಣೆಯಂತಾಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರವೂ ಕಾಕರ್‌ಗಳ ಕೂದಲು ಹೀಗೆ ಉಣ್ಣೆಯಾಗುವುದುಂಟು. ಆದ್ದರಿಂದ ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ನಿಲ್ಲುವುದು ಕ್ಷೇಮ.

ಪೊದೆ ಕಂಡರೆ ನುಗ್ಗುವುದು ಇದರ ಹುಟ್ಟುಗುಣ. ಮಳೆ ನಿಂತು ಹುಲ್ಲು ಒಣಗುವ ದಿನಗಳಲ್ಲಿ ಖಾಲಿ ಸೈಟಿಗೋ ತೋಟದ ಬದುವಿಗೋ ಹೋಗಿ ಬಂದ ನಾಯಿಯ ಬೆರಳ ಸಂದಿ ಮತ್ತು ಕಿವಿಯನ್ನು ಅಂದೇ ಪರೀಕ್ಷಿಸಬೇಕು. ಹುಲ್ಲಿನ ಚೂಪು ಬೀಜ ಒಳಸೇರಿದರೆ ಹಿಂದಕ್ಕೆ ಬರದೆ ಮುಂದಕ್ಕೇ ಸಾಗುತ್ತದೆ. ಉಣುಗುಗಳು ಅಡಗುವುದು ಕಿವಿಯ ಮಡಿಕೆ ಮತ್ತು ಕುತ್ತಿಗೆಪಟ್ಟಿಯ ಅಡಿಯಲ್ಲಿ. ಅವು ಹರಡುವ ಎರ್ಲೀಶಿಯಾ, ಬಬೇಸಿಯಾ ರೋಗಗಳಲ್ಲಿ ಜ್ವರ ಬಂದು, ನಾಯಿ ಊಟ ಬಿಟ್ಟು, ಒಸಡು ಬಿಳಿಚಿಕೊಳ್ಳುತ್ತದೆ. ಉಣುಗು ತಡೆಯುವ ಔಷಧಿಯನ್ನು ವೈದ್ಯರ ಸಲಹೆಯಂತೆ ವರ್ಷವಿಡೀ ನೀಡುವುದು ಒಳ್ಳೆಯದು.

ಊಟ ಮತ್ತು ಓಡಾಟ

ಕಾಕರ್ ಕಣ್ಣಲ್ಲೇ ಬೇಡುವ ನಾಯಿ. ಅದಕ್ಕೆ ಕರಗಿ ಮನೆಯವರೆಲ್ಲ ಒಂದೊಂದು ತುತ್ತು ಹಾಕಿದರೆ ಎರಡೇ ವರ್ಷದಲ್ಲಿ ಮೈ ಪೀಪಾಯಿಯಾಗುತ್ತದೆ. ಪಕ್ಕೆಯ ಮೇಲೆ ಅಂಗೈ ಸವರಿದಾಗ ಎಲುಬುಗಳು ಒತ್ತದೆಯೇ ಬೆರಳಿಗೆ ಸಿಗಬೇಕು. ಸಿಗದಿದ್ದರೆ ಊಟ ತಗ್ಗಿಸಿ. ದಿನಕ್ಕೆ ಎರಡು ಹೊತ್ತು ಅಳತೆಯ ಊಟ ಸಾಕು. ಈರುಳ್ಳಿ ಬೆಂದ ಸಾಂಬಾರು ಕಲಸಿದ ಅನ್ನ ಅಥವಾ ಮುದ್ದೆ, ದ್ರಾಕ್ಷಿ ಹಾಕಿದ ಪಾಯಸ, ಚಾಕೊಲೇಟ್, ಬೆಂದ ಕೋಳಿಮೂಳೆ ಇವಾವುದೂ ಕೂಡದು. ಈರುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷವಾಗಬಲ್ಲದು.

ದಿನಕ್ಕೆ ಸುಮಾರು ಒಂದು ತಾಸಿನ ನಡಿಗೆ ಬೇಕು, ಬೇಸಿಗೆಯಲ್ಲಿ ಅದನ್ನು ಬೆಳಗ್ಗೆ ಬಿಸಿಲೇರುವ ಮುನ್ನ ಮತ್ತು ಸಂಜೆ ಡಾಂಬರು ತಣಿದ ಮೇಲೆ ಹಂಚಿಕೊಳ್ಳಿ. ದಾರಿಯಲ್ಲಿ ಅದು ಮೂಸಲು ನಿಂತರೆ ಹಗ್ಗ ಜಗ್ಗಬೇಡಿ, ಅದರ ಪಾಲಿಗೆ ನಡಿಗೆಯ ಸಾರವೇ ಅದು. ಮನೆಯೊಳಗೆ ತಿಂಡಿಯ ಚೂರುಗಳನ್ನು ಮೂಲೆಗಳಲ್ಲಿ ಅಡಗಿಸಿ ಹುಡುಕಿಸುವ ಆಟ, ಮಳೆಯ ದಿನಗಳಲ್ಲಿ ನಡಿಗೆಯ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ.

ಸೂಕ್ಷ್ಮ ಸ್ವಭಾವದ ಈ ನಾಯಿ ಗದರಿದರೆ ನಿಂತಲ್ಲೇ ಮೂತ್ರ ಮಾಡಿಕೊಳ್ಳುವುದುಂಟು. ಅದು ಹಟವಲ್ಲ, ಹೆದರಿಕೆ. ತಟ್ಟೆಯ ಬಳಿ ಹೋದರೆ ಗುರುಗುಟ್ಟುವ ಮರಿಯನ್ನು ಹೊಡೆದು ತಿದ್ದಲಾಗದು. ನೀವು ಹತ್ತಿರ ಬಂದಾಗಲೆಲ್ಲ ಇನ್ನೂ ರುಚಿಯಾದ ತುಣುಕೊಂದು ತಟ್ಟೆಗೆ ಬೀಳುತ್ತದೆ ಎಂಬುದು ಅದಕ್ಕೆ ಖಾತ್ರಿಯಾಗಬೇಕು.

ವಯಸ್ಸಾದ ಮೇಲೆ

ಎಂಟು ವರ್ಷ ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ತಪಾಸಣೆ ಇರಲಿ. ಬಾಯಿಯಿಂದ ದುರ್ವಾಸನೆ ಬಂದರೆ ಹಲ್ಲನ್ನಷ್ಟೇ ನೋಡದೆ ಕೆಳತುಟಿಯ ಮಡಿಕೆಯನ್ನೂ ಬಿಡಿಸಿ ನೋಡಿ, ಜೊಲ್ಲು ನಿಂತು ಅಲ್ಲಿ ಚರ್ಮ ಕೊಳೆಯುವುದು ಈ ತಳಿಯಲ್ಲಿ ಸಾಮಾನ್ಯ. ಕಣ್ಣು ಕೆಂಪಾಗಿ, ಮಸುಕಾಗಿ ನೋವಿನಿಂದ ಮುಚ್ಚಿಕೊಂಡರೆ ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾ ಇರಬಹುದು. ನಾಳೆ ನೋಡೋಣ ಎನ್ನದೆ ಅಂದೇ ವೈದ್ಯರಲ್ಲಿಗೆ ಒಯ್ಯಬೇಕು. ದೃಷ್ಟಿ ಮಂದವಾದ ನಾಯಿ ಮೂಗಿನ ಮತ್ತು ನೆನಪಿನ ಬಲದ ಮೇಲೆ ಮನೆಯೊಳಗೆ ಸಲೀಸಾಗಿ ಓಡಾಡುತ್ತದೆ. ಕುರ್ಚಿ, ಮಂಚಗಳ ಜಾಗ ಬದಲಿಸದೆ, ನೀರಿನ ಪಾತ್ರೆಯನ್ನು ಎಂದಿನ ಮೂಲೆಯಲ್ಲೇ ಇಟ್ಟಿದ್ದರೆ ಆಯಿತು.